ಕೊಲ್ಹಾರದ ಹತ್ತಿರ ಸಿಕ್ಕ ಕಂಡಕ್ಟರ್ ಅಕ್ಕನಿಗೆ

ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದ ಬಸ್ಸು ಕೃಷ್ಣಾ ಸೇತುವೆಗೂ ಮೊದಲೇ, ಕೊಲ್ಹಾರದ ಹತ್ತಿರ ಕೆಟ್ಟು ನಿಂತಿತು. ಅವತ್ತೇ ನನಗೆ ಸೂಪರ್‌ವೈಸರ್ ಕೆಲಸದ ಸಂದರ್ಶನ. ಕೈಕಾಲೇ ಆಡಲಿಲ್ಲ.

ಕಂಡಕ್ಟರ್ ಅಕ್ಕ ಎಲ್ಲರನ್ನೂ ಬೇವಿನ ಮರದ ನೆರಳಿಗೆ ಕಳಿಸಿದರು. ಬೈದವರಿಗೆ ಎದುರು ಮಾತಾಡಲಿಲ್ಲ. ಆಸ್ಪತ್ರೆಗೆ ಹೊರಟವರು ಯಾರು, ಕೂಸು ಇದ್ದವರು ಯಾರು ಎಂದು ಕೇಳಿ, ಹಿಂದೆ ಬಂದ ಬಸ್ಸಿಗೆ ಅವರನ್ನೇ ಮೊದಲು ಹತ್ತಿಸಿದರು. ಆಮೇಲೆ ನನ್ನ ಮುಖ ನೋಡಿ, "ತಮ್ಮಾ, ಗಾಬರಿ ಆಗಬ್ಯಾಡ. ಮೊದಲ ಫೋನ್ ಹಚ್ಚಿ ತಡ ಆಗ್ತದಂತ ಹೇಳು" ಅಂದರು. ಹೇಳಿದೆ. ಸಂದರ್ಶನದವರು ಮಧ್ಯಾಹ್ನ ಬನ್ನಿ ಅಂದರು! ಉಸಿರು ಬಂತು. ಅಷ್ಟು ಗದ್ದಲದಲ್ಲೂ ಟಿಕೆಟ್ ಹಿಂದೆ ಬರೆದಿದ್ದ ಚಿಲ್ಲರೆಯನ್ನು ನೆನಪಿಟ್ಟು ಕೊಟ್ಟರು.

ಕೆಲಸ ಸಿಕ್ತು ಅಕ್ಕಾ. ಈಗ ಮಷಿನ್ ಕೆಟ್ಟರೆ, ಯಾರ ಆರ್ಡರ್ ಜಾಸ್ತಿ ಅರ್ಜೆಂಟ್ ಅಂತಲೇ ಮೊದಲು ಕೇಳುತ್ತೇನೆ.