ಎಡಗೈಯ ಲಗಾಮು, ಬಲಗೈಯ ಆತುರ

ಲೋ ಶೀನ,

ವಾಟ್ಸಾಪಲ್ಲಿ ಕಳಿಸಿದರೆ ಹೆಬ್ಬೆಟ್ಟು ಒತ್ತಿ ಮಲಗಿಬಿಡ್ತೀಯ. ಅದಕ್ಕೇ ನಾಲ್ಕು ಜನರೆದುರು ಬರೀತಿದ್ದೀನಿ. ತೆಂಗಿನಕಾಯಿ ಶಾಟ್ ವಿಷಯ ಎತ್ತಲ್ಲ, ಆಣೆ.

ಮಾತು ಗಾಲ್ಫ್ ಆಡುವಾಗಿನ ಕೈಗಳದ್ದು. ನಮ್ಮಂಥ ಬಲಗೈಯವರಿಗೆ ಎಡಗೈ ಮೇಲೆ, ಬಲಗೈ ಕೆಳಗೆ. ಎಡಗೈಯಲ್ಲಿ ಕ್ಲಬ್, ಅಂದರೆ ಹೊಡೆಯೋ ಕೋಲು, ಕೂರಬೇಕಾದ್ದು ಅಂಗೈ ನಡುವೆ ಅಲ್ಲ. ಕಿರುಬೆರಳ ಬುಡದಿಂದ ತೋರುಬೆರಳ ನಡುಗೆಣ್ಣಿನ ತನಕ, ಓರೆಯಾಗಿ. ಬಿಗಿ ಕೊನೆಯ ಮೂರು ಬೆರಳುಗಳದ್ದು. ಬಗ್ಗಿ ನೋಡಿದರೆ ಎಡಗೈಯ ಎರಡು, ಹೆಚ್ಚೆಂದರೆ ಮೂರು ಗೆಣ್ಣು ಕಾಣಬೇಕು. ನಾಲ್ಕೂ ಕಂಡರೆ ಚೆಂಡು ಎಡಕ್ಕೆ ಬಾಗಿ ಹುಕ್ ಆಗೋದೇ ಹೆಚ್ಚು; ಒಂದೇ ಕಂಡರೆ ಬಲಕ್ಕೆ ಬಾಗಿ ಸ್ಲೈಸ್. ಬಲಗೈ ಬೆರಳಲ್ಲೇ ಹಿಡಿಯಬೇಕು, ಅದರ ಅಂಗೈ ಎಡ ಹೆಬ್ಬೆರಳನ್ನು ಮುಚ್ಚಬೇಕು. ಬಲ ಕಿರುಬೆರಳು ನಿನ್ನಿಷ್ಟ: 6 ಸಲ ಬ್ರಿಟಿಷ್ ಓಪನ್ ಗೆದ್ದ ಹ್ಯಾರಿ ವಾರ್ಡನ್ ಹೆಸರಿನ ಹಿಡಿತದಲ್ಲಿ ಅದು ಎಡಗೈ ಮೇಲೆ ಕೂರುತ್ತೆ, ಜ್ಯಾಕ್ ನಿಕ್ಲಸ್, ಟೈಗರ್ ವುಡ್ಸ್ ಅದನ್ನು ಎಡ ತೋರುಬೆರಳಿಗೆ ಹೆಣೆದುಕೊಂಡರು.

ಎಡಗೈ ಲಗಾಮು. ಅದರ ಹಿಂಬದಿ ಎತ್ತ ನೋಡುತ್ತೋ ಕ್ಲಬ್ಬಿನ ಮುಖವೂ ಹೆಚ್ಚುಕಮ್ಮಿ ಅತ್ತಲೇ. ಕ್ಲಬ್ ಎತ್ತಿ ಬಲಗೈ ಮೇಲಕ್ಕೆ ಹೋದಾಗ ಹೋಟೆಲ್ ಮಾಣಿ ತಟ್ಟೆ ಹೊತ್ತ ಹಾಗೆ, ಮಣಿಕಟ್ಟು ಹಿಂದಕ್ಕೆ ಬಾಗಿ ಭಾರ ತಾಳಬೇಕು. ಆ ಬಾಗು ಕೆಳಗಿಳಿಯುವಾಗಲೂ ಉಳೀಬೇಕು.

ಇಲ್ಲೇ ಕೆಡೋದು. "ಬಲಗೈ ಸುಮ್ಮನಿರಲಿ" ಅಂತ ಎಷ್ಟು ಜನಕ್ಕೆ ಉಪದೇಶ ಮಾಡಿದೆವು! ಅರ್ಧ ಸುಳ್ಳು ಕಣೋ. ಬಲಗೈ ಸತ್ತರೆ ವೇಗ ಎಲ್ಲಿಂದ ಬರುತ್ತೆ? ಅದು ತಳ್ಳೋದು ತಪ್ಪಲ್ಲ, ಬೇಗ ತಳ್ಳೋದು ತಪ್ಪು. ಮೇಲಿಂದಲೇ ಬಲ ಹೆಬ್ಬೆರಳು, ತೋರುಬೆರಳು ಹಿಂಡಿದರೆ ಭುಜ ಮುಂದೆ ನುಗ್ಗುತ್ತೆ, ಕ್ಲಬ್ ಹೊರಗಿಂದ ಒಳಕ್ಕೆ ಕೊಯ್ಯುತ್ತೆ. ಇಲ್ಲವೇ ಚೆಂಡನ್ನು ಎತ್ತಿಕೊಡೋಕೆ ಬಲಗೈ ಅಡಿಗೆ ತೂರುತ್ತೆ, ಎಡ ಮಣಿಕಟ್ಟು ಮಡಿಚಿಕೊಳ್ಳುತ್ತೆ, ಕ್ಲಬ್ ಚೆಂಡಿಗಿಂತ ಹಿಂದೆ ನೆಲಕ್ಕೆ ಬಡಿಯುತ್ತೆ. ಎತ್ತೋ ಕೆಲಸಕ್ಕೆ 7 ಐರನ್ (ಲೋಹದ ತಲೆಯ 7ನೇ ನಂಬರ್ ಕ್ಲಬ್) ಮುಖಕ್ಕೆ 30 ಡಿಗ್ರಿ ಆಸುಪಾಸು ಓರೆ ಕೊಟ್ಟೇ ಇದ್ದಾರೆ. ಚೆಂಡು, ಕ್ಲಬ್ ತಾಗಿರೋದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಪಾಲು. ಅಷ್ಟರಲ್ಲಿ ಯಾವ ಕೈಯೂ ಏನೂ ತಿದ್ದಲಾರದು.

ಬಲಗೈಗೆ ಎಡಗೈ ಮೇಲೆ ನಂಬಿಕೆಯೇ ಇಲ್ಲ, ಶೀನ. ತಾನು ಬಾಯಿ ಹಾಕದಿದ್ದರೆ ಕೆಲಸ ಆಗಲ್ಲ ಅನ್ನೋ ಭಯ. ಇದು ಗ್ಲೌಸ್ ಕಳಚಿಟ್ಟ ಮೇಲೂ ಹೋಗಲ್ಲ ಅಂತ ಈಚೆಗೆ ಹೊಳೆದು ನಿದ್ದೆ ಕೆಟ್ಟಿದೆ. ಮನೆಯಲ್ಲಿ, ಕೆಲಸದಲ್ಲಿ, ನಿನ್ನ ಹತ್ತಿರವೂ ನಾನು ಬರೀ ಬಲಗೈಯೇ. ನೀನು ಮಾತು ಮುಗಿಸೋ ಮೊದಲೇ ತಿದ್ದಿದ್ದೀನಿ.

ಸರಿ, ಸಾಕು. ಈಗಲೂ ತಿದ್ದೋದೇ ನೋಡು: ಬಲ ಹೆಬ್ಬೆರಳು, ತೋರುಬೆರಳು ಎರಡನ್ನೂ ಕ್ಲಬ್ಬಿನಿಂದ ಬಿಡಿಸು, 9 ಐರನ್ನಿನಲ್ಲಿ ಸೊಂಟದೆತ್ತರದ ಅರ್ಧ ಸ್ವಿಂಗ್ ಇಪ್ಪತ್ತು ಹೊಡಿ. ಆಮೇಲೆ ಎಡಗೈ ಒಂದರಲ್ಲೇ ಹತ್ತು ಚಿಪ್, ಅಂದರೆ ಪುಟ್ಟ ಹೊಡೆತ. ಹುಲ್ಲು ಕಿತ್ತ ಗುರುತು ಚೆಂಡಿದ್ದ ಜಾಗದಿಂದ ಮುಂದೆ ಬಿದ್ದರೆ ಸರಿಯಾಯ್ತು. ಹಿಂದೆ ಬಿದ್ದರೆ ಫೋಟೋ ಕಳಿಸಬೇಡ. ಎಮ್ಮೆ ತುಳೀತು ಅಂತ ಮತ್ತೆ ಹೇಳ್ತೀಯ.

ನಿನ್ನ,
ಬಲಗೈ