ಪುಸ್ತಕಕ್ಕೂ ಒಂದು ಚೀಟಿ

ಸಂಪಾದಕರಿಗೆ,

ಮಾನ್ಯರೇ,

ಕನ್ನಡ ಪುಸ್ತಕಗಳ ಬೆಲೆ ಸಾಮಾನ್ಯ ಓದುಗನ ಕೈಗೆಟುಕದಂತಾಗಿದೆ ಎಂದು ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಓದುಗರು ಕೊಂಡು ಓದದಿದ್ದರೆ ಸಣ್ಣ ಪ್ರಕಾಶಕರು ಬಾಗಿಲು ಹಾಕಬೇಕಾಗುತ್ತದೆ ಎಂದು ಇನ್ನೊಬ್ಬರು ಅದಕ್ಕೆ ಉತ್ತರ ಬರೆದರು. ಇಬ್ಬರ ಮಾತೂ ನಿಜ. ಆದರೆ ತಿಂಗಳಿಗೆ 200 ರೂಪಾಯಿಗಿಂತ ಹೆಚ್ಚನ್ನು ಪುಸ್ತಕಕ್ಕೆ ತೆಗೆದಿಡಲಾಗದ ಓದುಗ ಏನು ಮಾಡಬೇಕೆಂಬುದನ್ನು ಇಬ್ಬರೂ ಹೇಳಲಿಲ್ಲ. ನಾನು ಅಂಥ ಓದುಗ. ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಔಷಧಿಯ ಖರ್ಚು ಕಳೆದ ಮೇಲೆ ಉಳಿಯುವುದು ಅಷ್ಟೇ.

ಮಂಡಿಯ ಲೆಕ್ಕ ಬರೆಯುವವನಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಬಾಕ್ಸು ಎಷ್ಟಕ್ಕೆ ಹೋಯಿತು ಎಂಬುದರ ಜೊತೆಗೆ, ಅದರಲ್ಲಿ ಬೆಳೆದವನ ಕೈಗೆ ಸೇರಿದ್ದೆಷ್ಟು, ಸೇರಿದ್ದು ಯಾವಾಗ ಎಂದೂ ಅವನು ನೋಡುತ್ತಾನೆ. ಪುಸ್ತಕದ ಲೆಕ್ಕವನ್ನೂ ನಾನು ಹಾಗೆಯೇ ನೋಡಿದೆ. 200 ರೂಪಾಯಿ ಮುಖಬೆಲೆಯ ಪುಸ್ತಕ ಅಂಗಡಿಯ ಮೂಲಕ ಮಾರಾಟವಾದರೆ ಮಾರಾಟಗಾರರ ಮತ್ತು ವಿತರಕರ ಪಾಲು ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ಆಗುತ್ತದೆ. ಲೇಖಕರ ಗೌರವಧನ ನೂರಕ್ಕೆ 10 ಎಂಬುದು ರೂಢಿ. ಉಳಿದದ್ದರಲ್ಲಿ ಕಾಗದ, ಅಕ್ಷರ ಜೋಡಣೆ, ಕರಡು ತಿದ್ದುವವರ ಸಂಭಾವನೆ, ಮುಖಪುಟ, ಮುದ್ರಣ, ಬೈಂಡಿಂಗ್ ಎಲ್ಲವೂ ಮುಗಿಯಬೇಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೆಂದು ನಾವು ಸಮಾಧಾನಪಡುತ್ತೇವೆ, ಆದರೆ ಕಾಗದಕ್ಕೂ ಮುದ್ರಣದ ಕೂಲಿಗೂ ಅದು ಇದೆ. ಪುಸ್ತಕದ ಮೇಲೆ ತೆರಿಗೆ ಇಲ್ಲದ ಕಾರಣಕ್ಕೇ ಪ್ರಕಾಶಕರು ತಾವು ಕಟ್ಟಿದ ಆ ತೆರಿಗೆಯನ್ನು ಹಿಂಪಡೆಯಲಾರರು. ಅಂಗಡಿಯಿಂದ ಹಣ ಬರುವುದು ಪುಸ್ತಕ ಮಾರಾಟವಾದ ನಂತರ, ಎಷ್ಟೋ ಸಲ ತಿಂಗಳುಗಳು ಕಳೆದ ನಂತರ. 500 ಪ್ರತಿ ಅಚ್ಚು ಹಾಕಿಸುವ ಪ್ರಕಾಶಕರಿಗೆ ಲಾಭ ಕಡಿಮೆಯಾಗುವುದಕ್ಕಿಂತ ದೊಡ್ಡ ತೊಂದರೆ, ಮುಂದಿನ ಪುಸ್ತಕದ ಕಾಗದಕ್ಕೆ ಬೇಕಾದ ದುಡ್ಡು ಹಿಂದಿನ ಪುಸ್ತಕದಲ್ಲಿ ಸಿಕ್ಕಿಕೊಂಡಿರುವುದು. ಟೊಮೆಟೊ ನಾಲ್ಕು ದಿನದಲ್ಲಿ ಕೊಳೆತುಹೋದರೆ ನಷ್ಟವಾದರೂ ಲೆಕ್ಕ ಮುಗಿಯುತ್ತದೆ. ಪುಸ್ತಕದ ಕಟ್ಟುಗಳು ಕೊಳೆಯದೆ ವರ್ಷಗಟ್ಟಲೆ ಮಂಚದ ಕೆಳಗೆ ಕೂತಿರುತ್ತವೆ.

ಮಂಚದ ಕೆಳಗಿನ ಈ ಕಟ್ಟುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಂಡ ಸಂದರ್ಭ ನನಗೆ ಹೆಮ್ಮೆ ತರುವಂಥದ್ದಲ್ಲ. ಕೆಲವು ವರ್ಷಗಳ ಹಿಂದೆ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಬಂದ ಒಂದು ಕಥಾಸಂಕಲನದ ಪಿಡಿಎಫ್ ಓದಿ, ಬಹಳ ಮೆಚ್ಚಿ, ನಾಲ್ಕು ಮಂದಿಗೆ ಕಳುಹಿಸಿದ್ದೆ. ಬೇರೆ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಆ ಪುಸ್ತಕದ ಪ್ರಕಾಶಕರ ಮನೆಗೇ ಹೋಗುವಂತಾಯಿತು. ಕಥೆಗಳನ್ನು ಹೊಗಳಿದೆ. ಅವರು ಸಂತೋಷಪಟ್ಟು, ‘ಯಾವ ಅಂಗಡಿಯಲ್ಲಿ ಸಿಕ್ಕಿತು ಸರ್, ಕೋಲಾರದ ಕಡೆಗೆ ನಾವು ಕಳುಹಿಸಿಯೇ ಇಲ್ಲವಲ್ಲ’ ಎಂದು ಸಹಜವಾಗಿ ಕೇಳಿದರು. ಉತ್ತರ ಹೇಳಲಾಗದೆ ನಾನು ಎರಡು ಪ್ರತಿ ಕೊಂಡುಕೊಂಡು ಬಂದೆ. ಬಡತನದ ನೆಪ ಹೇಳಿ ಪಿಡಿಎಫ್ ಹಂಚುವವರಲ್ಲಿ ನಾನೂ ಒಬ್ಬನಾಗಿದ್ದುದರಿಂದ, ಆ ನೆಪ ಎಷ್ಟು ಗಟ್ಟಿ ಎಂಬುದು ನನಗೆ ಗೊತ್ತಿದೆ.

ಅದಾದ ಮೇಲೆ ನಾವು ಆರು ಮಂದಿ ಒಂದು ಚೀಟಿ ಹಾಕಿಕೊಂಡಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಚೀಟಿಯ ವ್ಯವಹಾರವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಪಾತ್ರೆಗೆ, ಒಡವೆಗೆ, ಹಬ್ಬದ ಸಾಮಾನಿಗೆ ಚೀಟಿ ಇರುವಾಗ ಪುಸ್ತಕಕ್ಕೆ ಏಕಿರಬಾರದು ಎಂದು ನಮ್ಮಲ್ಲಿನ ಶಾಲಾ ಶಿಕ್ಷಕಿಯೊಬ್ಬರು ಕೇಳಿದ್ದರಿಂದ ಇದು ಆರಂಭವಾಯಿತು. ಉಳಿದವರಲ್ಲಿ ಒಬ್ಬರು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಒಬ್ಬರು ಬಸ್ ನಿರ್ವಾಹಕರು, ಇನ್ನಿಬ್ಬರು ಕಾಲೇಜಿನಲ್ಲಿ ಓದುತ್ತಿರುವವರು. ತಿಂಗಳಿಗೆ ತಲಾ 200ರಂತೆ 1,200 ರೂಪಾಯಿ ಕೂಡುತ್ತದೆ. ಆ ಹಣದಲ್ಲಿ ಪ್ರತಿ ತಿಂಗಳೂ ಒಬ್ಬರೇ ಪ್ರಕಾಶಕರಿಂದ, ನೇರವಾಗಿ, ಮೊದಲೇ ಹಣ ಕಳುಹಿಸಿ ಐದಾರು ಪುಸ್ತಕ ತರಿಸುತ್ತೇವೆ. ಪುಸ್ತಕಗಳು ಎಲ್ಲರ ಕೈಯಲ್ಲೂ ಸುತ್ತಿ ಬಂದ ಮೇಲೆ ಆ ತಿಂಗಳ ಚೀಟಿ ಯಾರಿಗೆ ಬಿದ್ದಿತ್ತೋ ಅವರ ಮನೆಗೆ ಸೇರುತ್ತವೆ. ಆರು ತಿಂಗಳ ಕೊನೆಗೆ ಪ್ರತಿಯೊಬ್ಬರೂ 1,200 ರೂಪಾಯಿ ಕೊಟ್ಟು ಮೂವತ್ತಕ್ಕೂ ಹೆಚ್ಚು ಪುಸ್ತಕ ಓದಿ, ಐದಾರನ್ನು ಸ್ವಂತಕ್ಕೆ ಇಟ್ಟುಕೊಂಡಿರುತ್ತಾರೆ. ಹೊಸ ಪುಸ್ತಕಕ್ಕೆ ಪ್ರಕಟಣಪೂರ್ವ ಬೆಲೆ ಘೋಷಿಸಿದ್ದರೆ ಅದಕ್ಕೇ ನಮ್ಮ ಮೊದಲ ಆಯ್ಕೆ. ರಿಯಾಯಿತಿ ನಮಗೆ ಸಿಗುತ್ತದೆ, ಅಚ್ಚಿಗೆ ಹೋಗುವ ಮೊದಲೇ ಹಣ ಅವರಿಗೆ ಸಿಗುತ್ತದೆ.

ಒಟ್ಟಿಗೆ ತರಿಸುವುದಕ್ಕೆ ಅಂಚೆಯ ಲೆಕ್ಕವೂ ಒಂದು ಕಾರಣ. 2024ರ ಡಿಸೆಂಬರಿನಲ್ಲಿ ನೋಂದಾಯಿತ ಪುಸ್ತಕ ಅಂಚೆ ಸೇವೆಯನ್ನು ಅಂಚೆ ಇಲಾಖೆ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೆ ದೊಡ್ಡ ಪೆಟ್ಟು ಬಿತ್ತು. 150 ರೂಪಾಯಿಯ ಕವನ ಸಂಕಲನವನ್ನು ಕೊರಿಯರ್ ಖರ್ಚು ಸೇರಿಸಿ ಯಾರು ತರಿಸುತ್ತಾರೆ? 2025ರ ಮೇ 1ರಿಂದ ಜಾರಿಗೆ ಬಂದ ಅದೇ ಇಲಾಖೆಯ ಜ್ಞಾನ್ ಪೋಸ್ಟ್ ಸೇವೆಯಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಹೆಚ್ಚೆಂದರೆ 5 ಕಿಲೋಗೆ 100 ರೂಪಾಯಿ, ಜೊತೆಗೆ ತೆರಿಗೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆಂದು ಮಾಡಿದ ಈ ವ್ಯವಸ್ಥೆ ಓದುಗರಿಗಷ್ಟೇ ಅಲ್ಲ, ಕೆಲವು ಪ್ರಕಾಶಕರಿಗೂ ಇನ್ನೂ ಪರಿಚಯವಾಗಿಲ್ಲ. ಕಳುಹಿಸುವಾಗ ಹೀಗೆ ಕಳುಹಿಸಿ ಎಂದು ನಾವೇ ಹೇಳಬೇಕಾದ ಸಂದರ್ಭಗಳಿವೆ. ಒಂದೊಂದೇ ಪುಸ್ತಕ ತರಿಸುವುದಕ್ಕಿಂತ ಆರು ಒಟ್ಟಿಗೆ ತರಿಸಿದರೆ ಪ್ರತಿಯೊಂದರ ಮೇಲೆ ಬೀಳುವ ಅಂಚೆ ವೆಚ್ಚ ಬಹಳ ಕಡಿಮೆ.

ಒಂದೇ ಪ್ರತಿಯನ್ನು ಆರು ಮಂದಿ ಓದಿದರೆ ಪ್ರಕಾಶಕರಿಗೆ ಐದು ಪ್ರತಿ ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ಚೀಟಿ ಇಲ್ಲದಿದ್ದರೆ ನಮ್ಮಲ್ಲಿ ನಾಲ್ವರು ಒಂದು ಪ್ರತಿಯನ್ನೂ ಕೊಳ್ಳುತ್ತಿರಲಿಲ್ಲ ಎಂಬುದು ನನ್ನ ಉತ್ತರ. ಬಹಳ ಹಿಡಿಸಿದ ಪುಸ್ತಕವನ್ನು ಚೀಟಿ ಬೀಳದವರು ಬೇರೆಯಾಗಿ ತರಿಸಿಕೊಂಡಿರುವುದೂ ಉಂಟು. ಅಂಗಡಿಗಳ ವಿರುದ್ಧವೂ ನಾನು ಹೇಳುತ್ತಿಲ್ಲ. ನಮ್ಮ ಊರಿನ ಅಂಗಡಿಗಳಲ್ಲಿ ಪಠ್ಯಪುಸ್ತಕ, ಗೈಡು ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ನಡುವೆ ಸಾಹಿತ್ಯಕ್ಕೆ ಸಿಗುವ ಜಾಗ ಅಷ್ಟಕ್ಕಷ್ಟೇ ಆದ್ದರಿಂದ ಈ ದಾರಿ ಹಿಡಿದಿದ್ದೇವೆ. ಸಣ್ಣ ಪ್ರಕಾಶಕರ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಮಾರುವ ಅಂಗಡಿ ಯಾವ ಊರಿನಲ್ಲಿದೆಯೋ ಆ ಊರಿನವರು ಅಲ್ಲಿಯೇ ಕೊಳ್ಳುವುದು ನ್ಯಾಯ.

ಇದರಲ್ಲಿ ಹೊಸತೇನೂ ಇಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಪ್ರಕಾಶನವನ್ನು ಕಟ್ಟಿದ್ದು ಚಂದಾದಾರರನ್ನು ನಂಬಿಕೊಂಡು. ಅದಕ್ಕೂ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರು ಸರ್ಕಾರಿ ಹುದ್ದೆಯಿಂದ ಹೊರಬಂದ ಮೇಲೆ ‘ಜೀವನ’ ಪತ್ರಿಕೆಯ ಹೊಣೆ ಹೊತ್ತರು, ಜೀವನ ಕಾರ್ಯಾಲಯದಿಂದ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಅಂದರೆ ಜಿಲ್ಲೆಯ ಅತಿ ದೊಡ್ಡ ಲೇಖಕರೂ ಒಬ್ಬ ಸಣ್ಣ ಪ್ರಕಾಶಕರೇ ಆಗಿದ್ದರು.

ಕೊಳ್ಳಲಾಗದ ಪುಸ್ತಕಕ್ಕೆ ಗ್ರಂಥಾಲಯವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ವಸೂಲಾಗುತ್ತದೆ; ಬಾಡಿಗೆದಾರನಾದ ನನ್ನ ಪಾಲು ಬಾಡಿಗೆಯೊಳಗೇ ಸೇರಿರಬಹುದು. ಹೀಗೆ ನಾವೇ ಹಣ ಕೊಟ್ಟಿರುವಾಗ ಬೇಕಾದ ಪುಸ್ತಕವನ್ನು ಕೇಳಲು ಸಂಕೋಚವೇಕೆ? ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಾಗಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಾಗಲಿ ಪುಸ್ತಕದ ಹೆಸರು, ಲೇಖಕ, ಪ್ರಕಾಶಕರ ವಿವರ ಬರೆದು ಲಿಖಿತವಾಗಿ ಕೇಳುವ ಓದುಗರು ಬಹಳ ಕಡಿಮೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಸಣ್ಣ ಪ್ರಕಾಶಕರಿಗೆ ಉಸಿರಿದ್ದಂತೆ, ಆದರೆ ಖರೀದಿ ತಡವಾಗುತ್ತದೆ, ಬಿಲ್ಲಿನ ಹಣ ಇನ್ನೂ ತಡವಾಗುತ್ತದೆ ಎಂದು ಅವರು ಬಹಿರಂಗವಾಗಿಯೇ ಹೇಳುತ್ತಾ ಬಂದಿದ್ದಾರೆ. ಕರ ಕಟ್ಟುವವರು ಕೇಳಬೇಕಾದ ಪ್ರಶ್ನೆಯಿದು. ಇಷ್ಟು ಕಾಲ ಇದನ್ನು ಪ್ರಕಾಶಕರಿಗೇ ಬಿಟ್ಟಿದ್ದೇವೆ.

ಇನ್ನು ಪುಸ್ತಕ ಬಿಡುಗಡೆಗೆ ಹೋಗಿ, ಉಪ್ಪಿಟ್ಟು ಕೇಸರಿಭಾತ್ ತಿಂದು, ಲೇಖಕರಿಂದ ಗೌರವ ಪ್ರತಿಯನ್ನು ನಿರೀಕ್ಷಿಸುವ ಅಭ್ಯಾಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಓದುವ ಆಸೆಯುಳ್ಳವರು ಅಲ್ಲಿಯೇ ಒಂದು ಪ್ರತಿ ಕೊಂಡರೆ ಸಾಕು, ಆ ದಿನದ ಸಭಾಂಗಣದ ಬಾಡಿಗೆಯಾದರೂ ಹುಟ್ಟುತ್ತದೆ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಭಾನುವಾರದ ಪುರವಣಿಯ ಸಾದರ ಸ್ವೀಕಾರ ವಿಭಾಗವನ್ನು ನಾವು ಆರು ಮಂದಿಯೂ ಪೆನ್ಸಿಲ್ ಹಿಡಿದು ಓದುತ್ತೇವೆ. ಅಲ್ಲಿ ಪುಸ್ತಕದ ಮತ್ತು ಪ್ರಕಾಶನದ ಹೆಸರುಗಳಿರುತ್ತವೆ. ಬೆಲೆ, ಪುಟಗಳ ಸಂಖ್ಯೆ, ಪ್ರಕಾಶಕರ ಊರು ಮತ್ತು ದೂರವಾಣಿ ಸಂಖ್ಯೆ ಒಮ್ಮೆ ಇದ್ದರೆ ಇನ್ನೊಮ್ಮೆ ಇರುವುದಿಲ್ಲ. ದೊಡ್ಡ ಪ್ರಕಾಶನಗಳ ವಿವರ ಹುಡುಕಿದರೆ ಸಿಗುತ್ತದೆ, ಮನೆಯ ವರಾಂಡದಿಂದ ಪುಸ್ತಕ ಕಳುಹಿಸುವವರದ್ದು ಸಿಗುವುದಿಲ್ಲ. ಪುಸ್ತಕಕ್ಕೆ ಇನ್ನೊಂದೇ ಸಾಲು ಜಾಗ ಕೊಟ್ಟು ಈ ನಾಲ್ಕು ವಿವರಗಳನ್ನು ತಪ್ಪದೆ ಪ್ರಕಟಿಸುವಂತಾದರೆ ಮುಂದಿನ ತಿಂಗಳ ನಮ್ಮ 1,200 ರೂಪಾಯಿಯನ್ನು ಯಾರಿಗೆ ಕಳುಹಿಸಬೇಕೆಂಬುದು ಭಾನುವಾರ ಬೆಳಿಗ್ಗೆಯೇ ತೀರ್ಮಾನವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕೋಲಾರ