ನಕಲಿ ಸ್ಟಾಂಪು ಸುಡಬೇಡಿ, ಹಿಂದೆ ಒಂದು ಪದ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಅಂಚೆಚೀಟಿ ಸಂಗ್ರಹದ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಒಂದು ಸಲಹೆ ಇತ್ತು ನೋಡಿ, ಆಲ್ಬಮ್‌ನಲ್ಲಿ ನಕಲಿ ಸ್ಟಾಂಪು ಸಿಕ್ಕರೆ ಹರಿದು ಹಾಕಿ ಇಲ್ಲವೇ ಸುಟ್ಟುಬಿಡಿ ಅಂತ, ಅದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ನನ್ನ ಕಥೆಯನ್ನೇ ಮೊದಲು ಹೇಳುತ್ತೇನೆ. ಅಪ್ಪನ ಹಳೇ ಆಲ್ಬಮ್ ನನಗೆ ಬಂದಿದೆ. ಅದರಲ್ಲಿ 19ನೇ ಶತಮಾನದ್ದು ಅಂತ ಅಪ್ಪ ಹೆಮ್ಮೆಪಡುತ್ತಿದ್ದ ಮೂರು ಸ್ಟಾಂಪುಗಳಿದ್ದವು. ಒಂದು ಜರ್ಮನಿಯ ಹ್ಯಾಂಬರ್ಗ್‌ದು, ಒಂದು ಈಜಿಪ್ಟಿನದು, ಇನ್ನೊಂದು ಪೆರು ದೇಶದ್ದು. ಮೂರೂ ಬೇರೆ ಬೇರೆ ಪುಟದಲ್ಲಿ ಇದ್ದದ್ದರಿಂದ ಎಷ್ಟೋ ವರ್ಷ ಏನೂ ಗೊತ್ತಾಗಲಿಲ್ಲ. ಒಂದು ದಿನ ಪುಟ ಬದಲಿಸಲು ಮೂರನ್ನೂ ಬಿಡಿಸಿ ಅಕ್ಕಪಕ್ಕ ಇಟ್ಟೆ. ಮೂರರ ಮೇಲೂ ಚುಕ್ಕಿ ಚುಕ್ಕಿಯ ಠಸ್ಸೆ. ಭೂತಗನ್ನಡಿ ಹಿಡಿದು ನೋಡಿದೆ. ಮೂರರಲ್ಲೂ ಎಡಗಡೆ ಎರಡನೇ ಸಾಲಿನಲ್ಲಿ ಒಂದು ಚುಕ್ಕಿ ಅರ್ಧ ಸವೆದಿದೆ. ಅಂದರೆ ಒಂದೇ ಠಸ್ಸೆ! ಹ್ಯಾಂಬರ್ಗಿನ ಅಂಚೆಯವರು, ಈಜಿಪ್ಟಿನವರು, ಪೆರುವಿನವರು ಎಲ್ಲರೂ ಒಂದೇ ಸೀಲನ್ನು ಕೈಬದಲು ಮಾಡಿಕೊಂಡು ಹೊಡೆಯುತ್ತಿದ್ದರೇ? ನಗು ಬಂತು, ಅಪ್ಪನನ್ನು ನೆನೆದು ಸ್ವಲ್ಪ ಬೇಜಾರೂ ಆಯಿತು.

ಆಮೇಲೆ ಓದಿ ತಿಳಿದದ್ದು, 1860 ಮತ್ತು 70ರ ದಶಕದಲ್ಲಿ ಹ್ಯಾಂಬರ್ಗಿನ ಸ್ಪೈರೋ ಸಹೋದರರು ನೂರಾರು ಬಗೆಯ ಸ್ಟಾಂಪುಗಳ ಪ್ರತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಠಸ್ಸೆ ಸಮೇತ ಮಾರುತ್ತಿದ್ದರು. ಅಸಲಿ ಕೊಳ್ಳಲಾಗದವರು ಆಲ್ಬಮ್‌ನ ಖಾಲಿ ಜಾಗ ತುಂಬಲು ತೆಗೆದುಕೊಳ್ಳುತ್ತಿದ್ದರು. ನನ್ನ ಮೂರೂ ಅವರ ಕೈಯವೇ ಅಂತ ಆಣೆ ಮಾಡಿ ಹೇಳಲಾರೆ, ಆದರೆ ಅದೇ ಜಾತಿಯ ಮಾಲು. ತಮಾಷೆ ಏನು ಗೊತ್ತಾ, ಅಸಲಿ ಅಂದುಕೊಂಡಿದ್ದಾಗ ಆ ಮೂರನ್ನು ನಾನು ವರ್ಷಕ್ಕೆ ಒಂದು ಸಲವೂ ನೋಡುತ್ತಿರಲಿಲ್ಲ. ನಕಲಿ ಎಂದು ಗೊತ್ತಾದ ಮೇಲೆ ಕೆಳಗಿಡಲು ಮನಸ್ಸಾಗಲಿಲ್ಲ. ಯಾರು ಮಾಡಿದರು, ಯಾಕೆ ಮಾಡಿದರು, ಎಲ್ಲಿ ಎಡವಿದರು ಅಂತ ಹುಡುಕುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಕಲಿ ಸ್ಟಾಂಪಿನ ಹುಚ್ಚು ಹಿಡಿಯುವುದೇ ಹೀಗೆ.

ನಕಲಿಯಲ್ಲಿ ಎರಡು ಬಗೆ. ಒಂದು ಅಂಚೆ ಇಲಾಖೆಗೆ ಟೋಪಿ ಹಾಕಲು ಮಾಡಿದ್ದು, ಇನ್ನೊಂದು ನಮ್ಮಂಥ ಸಂಗ್ರಾಹಕರಿಗೆ ಹಾಕಲು. ಮೊದಲನೆಯದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಕರಣ ಲಂಡನ್ ಷೇರುಪೇಟೆಯ ಅಂಚೆ ಕಚೇರಿಯದು. 1872ರ ಸುಮಾರು. ಆಗ ಟೆಲಿಗ್ರಾಂ ಕಳಿಸುವ ಹಣಕ್ಕೆ ತಕ್ಕ ಸ್ಟಾಂಪನ್ನು ಫಾರಂ ಮೇಲೆ ಅಂಟಿಸಿ ಠಸ್ಸೆ ಹೊಡೆಯುತ್ತಿದ್ದರು. ಷೇರು ದಲ್ಲಾಳಿಗಳಿಗೋ ಯಾವಾಗಲೂ ಅವಸರ, ದುಡ್ಡು ಕೊಟ್ಟು ಫಾರಂ ಬಿಸಾಕಿ ಹೋಗುತ್ತಿದ್ದರು. ಫಾರಂ ಕಚೇರಿಯಿಂದ ಹೊರಗೆ ಬರುವುದೇ ಇಲ್ಲ, ಹೊರಗಿನವರು ಯಾರೂ ಅದರ ಮುಖ ನೋಡುವುದಿಲ್ಲ, ಕೊನೆಗೆ ರದ್ದಿಯಾಗಿ ನಾಶ. ಒಂದು ಶಿಲ್ಲಿಂಗ್‌ನ ಹಸಿರು ಸ್ಟಾಂಪಿನ ನಕಲನ್ನು ಅಂಟಿಸಿ, ಅಸಲಿನ ದುಡ್ಡು ಜೇಬಿಗೆ ಹಾಕಿಕೊಂಡರೆ ಕೇಳುವವರು ಯಾರು?

ಯಾರೂ ಕೇಳಲಿಲ್ಲ, 26 ವರ್ಷ. 1898ರಲ್ಲಿ ಚಾರ್ಲ್ಸ್ ನಿಸ್ಸೆನ್ ಎಂಬ ಸ್ಟಾಂಪು ವ್ಯಾಪಾರಿಯ ಕೈಗೆ ಆ ರದ್ದಿಯಿಂದ ಹೊರಬಂದ ಸ್ಟಾಂಪುಗಳು ಸಿಕ್ಕವು. ಆ ಕಾಲದ ಬ್ರಿಟಿಷ್ ಸ್ಟಾಂಪಿನ ನಾಲ್ಕೂ ಮೂಲೆಯಲ್ಲಿ ಅಕ್ಷರಗಳಿರುತ್ತಿದ್ದವು, ನಕಲು ತಡೆಯಲೆಂದೇ. ಆ ಸ್ಟಾಂಪು ಹಾಳೆಯ ಯಾವ ಸಾಲಿನದು, ಸಾಲಿನಲ್ಲಿ ಎಷ್ಟನೆಯದು ಅಂತ ಆ ಅಕ್ಷರಗಳೇ ಹೇಳುತ್ತಿದ್ದವು. 240 ಸ್ಟಾಂಪಿನ ಹಾಳೆಯಲ್ಲಿ 20 ಸಾಲು, ಸಾಲಿಗೆ 12. ಹಾಗಾಗಿ ಒಂದು ಅಕ್ಷರ ಎ ಯಿಂದ ಟಿ ವರೆಗೆ ಹೋಗಬಹುದು, ಇನ್ನೊಂದು ಎಲ್ ದಾಟುವ ಹಾಗಿಲ್ಲ. ನಕಲಿ ಮಾಡಿದ ಪುಣ್ಯಾತ್ಮನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಹಾಳೆಯಲ್ಲಿ ಎಲ್ಲೂ ಇರಲು ಸಾಧ್ಯವೇ ಇಲ್ಲದ ಅಕ್ಷರ ಜೋಡಿಗಳನ್ನು ಕೆಲವು ಸ್ಟಾಂಪಿಗೆ ಹಾಕಿಬಿಟ್ಟಿದ್ದ. ಇವತ್ತು ಆ ನಕಲಿಗೆ ಅದೇ ಸ್ಟಾಂಪಿನ ಅಸಲಿಗಿಂತ ಬೇಡಿಕೆ ಜಾಸ್ತಿ. ಈಗ ಯೋಚಿಸಿ, ಆ ಫಾರಂಗಳನ್ನು ನಿಯಮದ ಪ್ರಕಾರ ನಾಶ ಮಾಡಿದ್ದರೆ ಇಂಥದ್ದೊಂದು ಮೋಸ ನಡೆದಿತ್ತು ಅಂತ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ ಅಲ್ವಾ?

ಎರಡನೇ ಬಗೆಯಲ್ಲಿ ಇಬ್ಬರ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜಿನೀವಾದ ಫ್ರಾಂಸ್ವಾ ಫೂರ್ನಿಯೆ ಕದ್ದುಮುಚ್ಚಿ ಮಾಡಿದವನೇ ಅಲ್ಲ. ಬೆಲೆಪಟ್ಟಿ ಅಚ್ಚು ಹಾಕಿಸಿ, ಇವು ಪ್ರತಿಗಳು, ಬಡ ಸಂಗ್ರಾಹಕರಿಗಾಗಿ ಅಂತ ಹೇಳಿಯೇ ಮಾರಿದ. ಕೊಂಡವರು ಮುಂದಿನವರಿಗೆ ಹೇಳದೆ ಮಾರಿದರು, ಅದು ಬೇರೆ ಮಾತು. ಅವನು 1917ರಲ್ಲಿ ತೀರಿಕೊಂಡ. ಹತ್ತು ವರ್ಷದ ಮೇಲೆ ಉಳಿದ ಸರಂಜಾಮನ್ನು ಜಿನೀವಾದ ಸಂಗ್ರಾಹಕರ ಸಂಘ ಕೊಂಡುಕೊಂಡಿತು. ಮಾದರಿಗಳ ಮೇಲೆ ನಕಲು ಅಂತ ಮುದ್ರೆ ಒತ್ತಿ, ಕೆಲವು ನೂರು ಆಲ್ಬಮ್‌ಗಳಿಗೆ ಅಂಟಿಸಿ ಹಂಚಿತು. ಮಿಕ್ಕಿದ್ದನ್ನು ಸುಟ್ಟರು, ನಿಜ. ಆದರೆ ಕಲಿಯಲು ಬೇಕಾದ್ದನ್ನು ಎತ್ತಿಟ್ಟುಕೊಂಡ ಮೇಲೆ. ಆ ಆಲ್ಬಮ್‌ಗಳಿಗೆ ಈಗ ಹರಾಜಿನಲ್ಲಿ ಪೈಪೋಟಿ.

ಇನ್ನೊಬ್ಬ ಜಾನ್ ದ ಸ್ಪೆರಾಟಿ. ಇಟಲಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದವನು. ಇವನ ಕೈಚಳಕವೇ ಬೇರೆ. ಅದೇ ದೇಶದ, ಅದೇ ಕಾಲದ ಒಂದು ಅಗ್ಗದ ಅಸಲಿ ಸ್ಟಾಂಪು ತೆಗೆದುಕೊಂಡು, ಅದರ ಚಿತ್ರದ ಮಸಿಯನ್ನು ಮಾತ್ರ ರಾಸಾಯನಿಕದಲ್ಲಿ ತೊಳೆದುಬಿಡುತ್ತಿದ್ದ. ಕಾಗದ ಅಸಲಿ, ವಾಟರ್‌ಮಾರ್ಕ್ ಅಸಲಿ, ಅಂಚಿನ ತೂತು ಅಸಲಿ, ಎಷ್ಟೋ ಸಲ ಠಸ್ಸೆಯೂ ಅಸಲಿ. ಅದರ ಮೇಲೆ ಅಪರೂಪದ ಸ್ಟಾಂಪಿನ ಚಿತ್ರ ಮುದ್ರಿಸುತ್ತಿದ್ದ. 1942ರಲ್ಲಿ ಅವನು ಲಿಸ್ಬನ್ನಿನ ವ್ಯಾಪಾರಿಯೊಬ್ಬನಿಗೆ ಕಳಿಸಿದ ಲಕೋಟೆ ಫ್ರೆಂಚ್ ಕಸ್ಟಮ್ಸ್‌ನವರಿಗೆ ಸಿಕ್ಕಿತು. ಬೆಲೆಬಾಳುವ ಸ್ಟಾಂಪನ್ನು ಸುಂಕ ಕಟ್ಟದೆ ಕಳಿಸುತ್ತಿದ್ದೀಯ ಅಂತ ಕೇಸು. ಸ್ವಾಮಿ, ಇವು ಅಸಲಿಯಲ್ಲ, ನಾನೇ ಮಾಡಿದ್ದು ಅಂತ ಇವನು. ಪರಿಣತರನ್ನು ಕರೆಸಿದರು. ಅವರು ಭೂತಗನ್ನಡಿ ಹಿಡಿದು ನೋಡಿ, ಅಸಲಿಯೇ ಎಂದರು! ತನ್ನ ಮಾಲು ನಕಲಿ ಅಂತ ಸಾಬೀತು ಮಾಡಲು ಒದ್ದಾಡಿದ ನಕಲಿಕೋರ ಇವನೊಬ್ಬನೇ ಇರಬೇಕು. ಕೇಸು ವರ್ಷಗಟ್ಟಲೆ ಎಳೆಯಿತು. 1950ರ ದಶಕದಲ್ಲಿ ಬ್ರಿಟಿಷ್ ಫಿಲಾಟೆಲಿಕ್ ಅಸೋಸಿಯೇಷನ್ ಎಂಬ ಅಂಚೆಚೀಟಿ ಸಂಘ ಅವನ ಅಚ್ಚು, ದಾಸ್ತಾನು ಎಲ್ಲವನ್ನೂ ಕೊಂಡು, ಇನ್ನು ಮಾಡುವುದಿಲ್ಲ ಅಂತ ಒಪ್ಪಿಸಿತು. ಆ ಸ್ಟಾಂಪುಗಳ ಬೆನ್ನಿಗೆ ಇದು ಸ್ಪೆರಾಟಿಯ ಪ್ರತಿ ಅಂತ ಗುರುತು ಹಾಕಿತು.

ಯುದ್ಧಕಾಲದವೂ ಇವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನಿಯ ಸ್ಟಾಂಪಿನಲ್ಲಿ ಹಿಟ್ಲರ್ ಬದಲು ಅವನ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಮುಖ ಹಾಕಿ ಮುದ್ರಿಸಿದರು. ಅಮೆರಿಕದ ಬೇಹುಗಾರರು ಹಿಟ್ಲರನ ಮುಖವನ್ನು ತಲೆಬುರುಡೆ ಮಾಡಿದರು. ಇವಕ್ಕೆ ಬೇಡಿಕೆ ಎಷ್ಟೆಂದರೆ, ಈಗ ಇವುಗಳದ್ದೇ ನಕಲು ಬಂದಿದೆ. ನಕಲಿಯ ನಕಲಿ! ನನ್ನ ವಾದಕ್ಕೆ ಇದು ಸ್ವಲ್ಪ ಅಡ್ಡ ಬರುತ್ತದೆ, ಒಪ್ಪುತ್ತೇನೆ. ಆಸೆ ಪಡುವವರಿದ್ದಷ್ಟು ಕಾಲ ಮಾಡುವವರೂ ಇರುತ್ತಾರೆ.

ಆದರೂ ಇವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟು ಬರುವುದು ಅಸಲಿ ಸ್ಟಾಂಪನ್ನೇ ಕೆಡಿಸುವವರ ಮೇಲೆ. ಹಿಂದಿನ ಅಂಟು ಹೋಗಿದ್ದರೆ ಹೊಸ ಅಂಟು ಸವರುವುದು, ಅಂಚು ಕತ್ತರಿಸಿ ಹೊಸ ತೂತು ಹೊಡೆಯುವುದು, ಇಲ್ಲದ ಪದವನ್ನು ಮೇಲೆ ಅಚ್ಚು ಹಾಕುವುದು. 1948ರ ಹತ್ತು ರೂಪಾಯಿಯ ಗಾಂಧಿ ಸ್ಟಾಂಪು ಗೊತ್ತಲ್ಲ, ಅದರಲ್ಲಿ ಬರೀ 100ಕ್ಕೆ ಸರ್ಕಾರಿ ಬಳಕೆಗೆಂದು 'ಸರ್ವಿಸ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಮೇಲೆ ಅಚ್ಚು ಹಾಕಿದ್ದರು. ಮಾಮೂಲಿ ಗಾಂಧಿ ಸ್ಟಾಂಪಿನ ಮೇಲೆ ಆ ಒಂದು ಪದ ಒತ್ತಿದರೆ ಸಾಕು. ಚಿತ್ರ, ಕಾಗದ, ಬಣ್ಣ ಎಲ್ಲ ಸರಿ, ಸುಳ್ಳು ಇರುವುದು ಒಂದು ಪದದಲ್ಲಿ ಮಾತ್ರ. ಅಲ್ಲಿಗೆ ಒಂದು ಒಳ್ಳೆ ಸ್ಟಾಂಪು ಹಾಳಾದ ಹಾಗೆ.

ನಾನೂ ಮೋಸ ಹೋಗಿದ್ದೇನೆ. ಒಬ್ಬ ಮಾರಾಟಗಾರರಿಂದ 1890ರ ದಶಕದ್ದು ಅಂತ ಒಂದು ಸೆಟ್ ತೆಗೆದುಕೊಂಡೆ. ನೋಡಲು ಲಕ್ಷಣವಾಗಿತ್ತು. ಬೆರಳ ತುದಿಯಲ್ಲಿ ಸವರಿದರೆ ನುಣುಪು, ಕೊರೆದ ಅಚ್ಚಿನ ಸ್ಟಾಂಪಿನಲ್ಲಿ ಸಿಗುವ ಮಸಿಯ ಉಬ್ಬೇ ಇಲ್ಲ. ಅನುಮಾನ ಬಂದು ರಾತ್ರಿ ದೀಪ ಆರಿಸಿ ಅಲ್ಟ್ರಾವಯೊಲೆಟ್ ಟಾರ್ಚು ಬಿಟ್ಟೆ. ಪಕ್ಕದ ಹಳೇ ಸ್ಟಾಂಪುಗಳು ಮಂಕಾಗಿ ಕೂತಿದ್ದವು. ಈ ಸೆಟ್ ಮಾತ್ರ ಹೊಸದಾಗಿ ಒಗೆದ ಬಿಳಿ ಅಂಗಿಯ ಹಾಗೆ ನೀಲಿಯಾಗಿ ಹೊಳೆಯಿತು. ಕಾಗದ ಬೆಳ್ಳಗೆ ಕಾಣಲು ಸೇರಿಸುವ ಆ ರಾಸಾಯನಿಕ 1890ರಲ್ಲಿ ಇರಲೇ ಇಲ್ಲ. ಮಾರಿದವರನ್ನು ಕೇಳಿದರೆ, ನನಗೂ ಹಾಗೇ ಬಂದದ್ದು ಎಂದರು. ಇರಬಹುದು. ಹಿಂದೆ ಕೊಟ್ಟವರು ಯಾರಾದರೂ ಬೆನ್ನ ಮೇಲೆ ಒಂದು ಗುರುತು ಹಾಕಿದ್ದರೆ ಅವರೂ ಬಚಾವು, ನಾನೂ ಬಚಾವು.

ಹಾಗಾಗಿ ನಿಮ್ಮ ಲೇಖಕರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬರೆಯುವಾಗ ಸುಡಿ ಅನ್ನಬೇಡಿ, ಗುರುತು ಹಾಕಿ ಅನ್ನಿ. ಮೆತ್ತನೆಯ ಪೆನ್ಸಿಲ್‌ನಲ್ಲಿ, ಹಿಂಭಾಗದಲ್ಲಿ, ಒತ್ತದೆ, 'ನಕಲಿ' ಅಂತ ಒಂದು ಪದ ಬರೆದರೆ ಸಾಕು. ಪೆನ್ನು ಬೇಡ, ಮಸಿ ಮುಂದಕ್ಕೆ ಇಳಿಯುತ್ತದೆ. ಅಸಲಿಗಳ ಮಧ್ಯೆ ಸೇರಿಸದೆ ಬೇರೆ ಪುಟದಲ್ಲಿ ಇಡಿ. ಕೊಡುವಾಗ, ಮಾರುವಾಗ ಬಾಯಿಬಿಟ್ಟು ಹೇಳಿ. ಹೊಸದಾಗಿ ಶುರು ಮಾಡಿದ ಹುಡುಗರಿಗೆ ಅಸಲಿ ನಕಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಹತ್ತು ಪುಟ ಓದಿದರೂ ತಲೆಗೆ ಹೋಗದ್ದು ಎರಡು ನಿಮಿಷದಲ್ಲಿ ಹೋಗುತ್ತದೆ.

ಅಪ್ಪನ ಆ ಮೂರು ಸ್ಟಾಂಪು ಈಗ ಒಂದೇ ಪುಟದಲ್ಲಿವೆ, ಅಕ್ಕಪಕ್ಕ. ಸವೆದ ಚುಕ್ಕಿಗೆ ಬಾಣದ ಗುರುತು ಹಾಕಿದ್ದೇನೆ. ಮನೆಗೆ ಬಂದವರು ಆಲ್ಬಮ್ ಕೇಳಿದರೆ ಮೊದಲು ತೆಗೆಯುವುದು ಆ ಪುಟವನ್ನೇ.

ಇಂತಿ ನಿಮ್ಮ ಓದುಗ,
ಒಬ್ಬ ಅಂಚೆಚೀಟಿ ಸಂಗ್ರಾಹಕ